ಕಂದಕದಲ್ಲಿ ಮದುವೆ

ಚಿನ್ ಬೆಟ್ಟದ ನಮ್ಮೂರಿನ ಮೇಲೆ ಸೇನೆಯ ವಿಮಾನದಿಂದ ಬಾಂಬು ಬಿದ್ದಾಗ ಚರ್ಚೂ ಸುಟ್ಟುಹೋಯಿತು. ನಾವೆಲ್ಲ ಕಾಡು ಸೇರಿ ಬಿದಿರಿನ ಗುಡಿಸಲು ಕಟ್ಟಿಕೊಂಡೆವು. ಅಣ್ಣ ತನ್ನ ಮಗಳು ಸುಯಿ ಪಾರ್‌ಳ ಮದುವೆಯನ್ನು ಊರಿಗೆ ಮರಳಿದ ಮೇಲೆ ಮಾಡೋಣವೆಂದ.

ಅವ್ವ ಒಪ್ಪಲಿಲ್ಲ. “ಚರ್ಚಿನ ಜೊತೆ ದೇವರೂ ಸುಟ್ಟುಹೋದ್ನೇನೋ? ನಮ್ಜೊತೆ ಇಲ್ಲೇ ಇದ್ದಾನೆ. ಶನಿವಾರ ಮದುವೆ!”

ಶನಿವಾರ ಬೆಳಿಗ್ಗೆ ಮರದ ಕೆಳಗೆ ಸೇರಿದೆವು. ಪಾಸ್ಟರು ವರ ಲಿಯಾನ್ ಕುಂಗ್‌ನ ಒಪ್ಪಿಗೆ ಕೇಳುವಷ್ಟರಲ್ಲಿ ವಿಮಾನದ ಸದ್ದು ಬಂತು. ಎಲ್ಲರೂ ಪಕ್ಕದಲ್ಲಿ ತೋಡಿದ್ದ ಕಂದಕಕ್ಕೆ ಜಿಗಿದೆವು. ಮದುವೆಗೆಂದು ನೇಯ್ದ ಮದುಮಗಳ ಕೆಂಪು ಲಂಗ ಕೆಸರಾಯಿತು. ಸುಯಿ ಪಾರ್ ಗಡಗಡ ನಡುಗುತ್ತಿದ್ದಳು.

“ಯಾಕೆ ನಿಲ್ಲಿಸಿದ್ರಿ ಪಾಸ್ಟರೇ? ಕೇಳಿ!” ಎಂದಳು ಅವ್ವ.

“ಇಲ್ಲೇನಾ ಅಜ್ಜೀ?”

“ಮತ್ತೆ? ವಿಮಾನದಲ್ಲಿರೋನನ್ನ ಊಟಕ್ಕೆ ಕರೆದು ಆಮೇಲೆ ಕೇಳ್ತೀರಾ?”

ಯಾರೋ ಕಿಸಕ್ಕನೆ ನಕ್ಕರು. ಪಾಸ್ಟರು ತಲೆ ಬಗ್ಗಿಸಿಕೊಂಡೇ ಕೇಳಿದರು. ಲಿಯಾನ್ ಕುಂಗ್‌ನ ಮಾತು ವಿಮಾನದ ಸದ್ದಿನಲ್ಲಿ ಮುಳುಗಿತು.

“ಏನಂದ್ಯೋ? ದೇವರಿಗೆ ಕೇಳಿಸ್ತು, ನಮಗೆ ಕೇಳಿಸ್ಲಿಲ್ಲ!” ಅವ್ವ ಗದರಿದಳು.

“ಒಪ್ಪಿದೀನಿ!” ಅವನು ಕೂಗಿದ. ಸುಯಿ ಪಾರ್ ಅವನಿಗಿಂತ ಜೋರಾಗಿ ಕೂಗಿ ಒಪ್ಪಿದಳು. ಅವಳ ನಡುಕ ನಿಂತಿತ್ತು.

ವಿಮಾನ ಗುಡ್ಡ ದಾಟಿ ಹೋಯಿತು. ಮೇಲೆ ಬಂದು ಕೆಸರು ಕೊಡವಿಕೊಂಡು, ಗಟ್ಟಿಯಾಗಿ ಸ್ತುತಿಗೀತೆ ಹಾಡಿದೆವು. ಮಾಂಸ ಹಾಕಿ ಬೇಯಿಸಿದ ಮೆಕ್ಕೆಜೋಳದ ಗಂಜಿಯನ್ನು ಅಣ್ಣ ಮತ್ತೆ ಮತ್ತೆ ಬಡಿಸಿಕೊಂಡ.

“ಅವ್ವಾ, ಇವರಿಗೆ ಹುಟ್ಟೋ ಮಗೂನ ದೇವರಿಗೊಪ್ಪಿಸೋ ಪ್ರಾರ್ಥನೆ ಮಾತ್ರ ನಮ್ಮೂರ ಚರ್ಚಲ್ಲೇ,” ಎಂದ.

“ಆಗ್ಲಿ. ಹಾಗಾದ್ರೆ ಬೇಗ ಕಟ್ಟೋ,” ಎಂದಳು ಅವ್ವ.