ಮಾವನ ಮೂಗು

ಗಂಡಸಿ ಊರಿನ ಶಾಲಾ ಮೈದಾನದಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್. ನನ್ನ ಮಗಳು ಸ್ಪಂದನಾ ರೈಡಿಗೆ ಇಳಿದಿದ್ದಳು. "ಮುಟ್ಟೇ, ಮುಟ್ಟಿ ಬಾರೇ!" ಎಂದು ಕುರ್ಚಿ ಹತ್ತಿ ಕೂಗುತ್ತಿದ್ದ ನನ್ನ ಮಾವ ಷಡಕ್ಷರಪ್ಪನವರ ಮೂಗಿನಿಂದ ದಳದಳ ರಕ್ತ ಸುರಿಯಿತು. ಬಿಸಿಲಿಗೆ ಒಣಗಿದ ಮೂಗನ್ನು ಕೆರೆಯಬೇಡಿ ಎಂದು ಬೆಳಿಗ್ಗೆಯೇ ಅತ್ತೆಯ ಕೈಲಿ ಹೇಳಿಸಿದ್ದೆ. ಕೇಳಬೇಕಲ್ಲ!

ಅವರು ತಲೆಯನ್ನು ಹಿಂದಕ್ಕೆ ಚೆಲ್ಲಿ, ಜೇಬಿನಲ್ಲಿದ್ದ ವಿಭೂತಿಯನ್ನು ಮೂಗಿಗೆ ತುರುಕಲು ಹೊರಟರು. ನಮ್ಮ ಮನೆಯಲ್ಲಿ ಎಲ್ಲ ಗಾಯಕ್ಕೂ ಅದೇ ಮದ್ದು. ಮಾವನ ಎದುರು ಎಂದೂ ದನಿ ಎತ್ತದ ಸೊಸೆ ನಾನು, ಇಡೀ ಊರಿನ ಮುಂದೆ ಅವರ ಕೈ ತಳ್ಳಿ, ಮೂಗಿನ ಮೆತ್ತನೆ ಭಾಗವನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ.

"ಮುಂದಕ್ಕೆ ಬಗ್ಗಿ ಮಾವ! ಬಾಯಲ್ಲಿ ಉಸಿರಾಡಿ!"

ಹತ್ತು ನಿಮಿಷ ಬಿಡದೆ ಹಿಡಿದೆ. ಕೈ ತೆಗೆದರೆ ಮತ್ತೆ ರಕ್ತ!

"ಮ್ಯಾಚ್ ಮುಗೀಲಿ ಕಣಮ್ಮ, ಆಮೇಲೆ ಹೋಗಾನ."

"ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ನೀವು. ರಕ್ತ ನಿಲ್ಲದಿದ್ರೆ ತಕ್ಷಣ ಬನ್ನಿ ಅಂತ ಡಾಕ್ಟ್ರು ಹೇಳಿದ್ದು ಮರೆತ್ರಾ? ಏಳಿ!"

ಪಕ್ಕದ ಮನೆಯವರ ಕಾರು ಆಸ್ಪತ್ರೆಯ ಕಡೆ ಓಡಿತು. ಮೂಗು ಇನ್ನೂ ನನ್ನ ಕೈಯಲ್ಲೇ ಇತ್ತು. ದಾರಿಯಲ್ಲಿ ಮಾವನ ಫೋನು ಹೊಡೆದುಕೊಂಡಿತು. ಅವರು ಸ್ಪೀಕರ್ ಒತ್ತಿದರು.

"ತಾತಾ, ಗೆದ್ವಿ!" ಸ್ಪಂದನಾಳ ದನಿ.

ಮಾವ ಕೂಗಲು ಬಾಯಿ ತೆರೆದು ಸೀಟಿನಿಂದ ಎಗರಿದರು.

"ಕೂಗಬೇಡಿ ಮಾವ, ಇನ್ನೂ ಜಾಸ್ತಿಯಾಗುತ್ತೆ!" ಎಂದು ಗದರಿದೆ.

ಅವರು ನನ್ನನ್ನೇ ನೋಡಿ ಮೂಗುದನಿಯಲ್ಲಿ ಹೇಳಿದರು: "ಹಂಗಾರೆ ನನ್ ಬದಲು ನೀನೇ ಕೂಗಮ್ಮ."

ಕಿಟಕಿಯಿಂದ ತಲೆ ಹೊರಹಾಕಿ, ಹಿಡಿದ ಮೂಗು ಬಿಡದೆ, ಗಂಟಲು ಹರಿಯುವಂತೆ ಕೂಗಿದೆ.