ರೆಪ್ಪೆಗೆ ಬಂದ ಸದ್ದು

ತಿಪ್ಪವ್ವನ ಮೊಮ್ಮಗನಂಥ ಶಾಣ್ಯಾ ಕೂಸು ಬೆಟಗೇರಿಯಲ್ಲೇ ಇಲ್ಲ ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಮಗ ಹೊನ್ನೇಶ ಬೆಳಗಿನಿಂದ ಸಂಜೆಯವರೆಗೆ ಮಗ್ಗ ಬಡಿದರೂ ಎರಡು ತಿಂಗಳ ಕೂಸು ಮಗ್ಗುಲಲ್ಲೇ ಸೊಂಪಾಗಿ ನಿದ್ದೆ ಹೊಡೆಯುತ್ತಿತ್ತು. ನೇಕಾರರ ಮನೆಯ ಕೂಸಿಗೆ ಹೊಟ್ಟೆಯಲ್ಲೇ ಮಗ್ಗದ ರೂಢಿಯಾಗಿರುತ್ತದೆ ಎಂದು ತಿಪ್ಪವ್ವನೂ ಬೀಗಿದ್ದೇ ಬೀಗಿದ್ದು. ಒಂದು ದಿನ ಸೊಸೆಯ ಮುಖ ನೋಡಿದಾಗ ಮಾತ್ರ ಅವಳ ಎದೆ ಧಸಕ್ಕೆಂದಿತು. ಸೊಸೆ ನೀಲಾಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ.

ಮಗ್ಗ ನಿಂತ ಹೊತ್ತು ನೋಡಿ ತಿಪ್ಪವ್ವ, ನೆಲದ ಮೇಲೆ ಕೌದಿಯಲ್ಲಿ ಮಲಗಿದ್ದ ಕೂಸಿನ ಹತ್ತಿರ ಹಿಟ್ಟು ನಾದುವ ಹಿತ್ತಾಳೆಯ ಪರಾತ ಕೆಡವಿದಳು. ಕೂಸು ಎರಡೂ ಕೈ ಚಾಚಿ ಬೆಚ್ಚಿಬಿತ್ತು. ಅವಳ ಸಂತೋಷ ಅರೆಗಳಿಗೆ ಬಾಳಲಿಲ್ಲ. ಬೆನ್ನು ತಿರುಗಿಸಿ ನೂಲು ಸುತ್ತುತ್ತ ಕೂತಿದ್ದ ನೀಲಾಳೂ ಹೊರಳಿ ನೋಡಿದ್ದಳು. ನೆಲ ಅದುರಿದರೆ ಅವಳಿಗೆ ಗೊತ್ತಾಗುತ್ತಿತ್ತು. ಕೂಸಿಗೆ ಗೊತ್ತಾದದ್ದೂ ಹಾಗೆಯೇ ಇದ್ದರೆ? 

ಕೂಸಿನ ಚುಚ್ಚುಮದ್ದಿನ ಚೀಟಿ ನೋಡಲು ನರ್ಸ್ ತಬಸ್ಸುಮ ಬಂದಾಗ ತಿಪ್ಪವ್ವ ಮೆಲ್ಲಗೆ ಬಾಯಿಬಿಟ್ಟಳು.

"ಇವಗ ಕೇಳಸ್ತೈತೋ ಇಲ್ಲೋ ನೋಡವ್ವಾ. ಮಗನ ಮುಂದ ಹೇಳಾಕ ನನಗ ಧೈರ್ಯ ಇಲ್ಲ."

ತಬಸ್ಸುಮ ಹೊನ್ನೇಶನಿಗೆ ಕೈಸನ್ನೆ ಮಾಡಿ ಮಗ್ಗ ನಿಲ್ಲಿಸಿದಳು. ನೆಲದ ಅದುರು ತಾಕದಂತೆ ಕೂಸನ್ನು ಹೊರಸಿನ ಮೇಲೆ ಅಜ್ಜಿಯ ತೊಡೆಗೆ ಹಾಕಿ, ಸ್ಟೀಲಿನ ವಾಟಿ, ಚಮಚ ಹಿಡಿದು ಕೂಸಿಗೆ ಕಾಣದಂತೆ ಹಿಂದೆ ನಿಂತಳು.

"ತಿಪ್ಪವ್ವಾರ, ಕೈಕಾಲು ನೋಡಬ್ಯಾಡ್ರಿ. ರೆಪ್ಪಿ ನೋಡ್ರಿ."

ಠಣ್ ಎಂದಿತು. ರೆಪ್ಪೆಗಳು ಪಟಕ್ಕನೆ ಮುಚ್ಚಿ ತೆರೆದವು. ತಿಪ್ಪವ್ವ ತನ್ನ ಕಣ್ಣನ್ನೇ ನಂಬದೆ ಇನ್ನೊಮ್ಮೆ ಬಾರಿಸೆಂದಳು. ರೆಪ್ಪೆ ಮತ್ತೆ ಹಾರಿತು.

"ಇದನ್ನ ಇವಗ ಯಾರು ಕಲಿಸಿದ್ರವ್ವಾ?"

"ಯಾರೂ ಕಲಿಸಿಲ್ರಿ, ಹುಟ್ಟುವಾಗಲೇ ತಂದಿರ್ತಾವ. ಕಿವಿಗಿ ಬಿದ್ದ ಖಬರ ಮಿದುಳಿನ ಬುಡಕ್ಕ ಮುಟ್ಟತೈತಿ, ಅಲ್ಲಿಂದಲೇ ರೆಪ್ಪಿಗಿ ಹುಕುಂ ಬರತೈತಿ. ಏನು ಸದ್ದು, ಯಾರು ಮಾಡಿದ್ರು ಅಂತ ವಿಚಾರ ಮಾಡೂದ್ರಾಗ ಕಣ್ಣು ಮುಚ್ಚಿ ಆಗಿರತೈತಿ. ಗದಗಿನಾಗ ಮಿಷನ್ ಹಚ್ಚಿ ಎರಡೂ ಕಿವಿ ತೋರಿಸ್ರಿ. ಆದರ ಕೇಳಸೂದಂತೂ ಖರೆ."

ತಿಪ್ಪವ್ವ ಬೆರಗಾಗಿ ಕೂತಳು. ಮೂಗಿನ ಮೇಲೆ ಕೂತ ನೊಣ ಓಡಿಸಿಕೊಳ್ಳಲೂ ಬಾರದ ಕೂಸು ಇದು. ಅದರೊಳಗೆ, ಅದಕ್ಕೇ ತಿಳಿಯದಂತೆ, ಕೂದಲೆಳೆಯಷ್ಟೂ ತಡಮಾಡದೆ ಕಣ್ಣು ಕಾಯುವ ಏನೋ ಒಂದಿತ್ತು. ಅರವತ್ತು ವರ್ಷ ತಾನೂ ಹೀಗೇ ರೆಪ್ಪೆ ಬಡಿಯುತ್ತ ಬಂದವಳು, ಒಂದು ದಿನವೂ ಅದರ ಕಡೆ ಲಕ್ಷ್ಯ ಕೊಟ್ಟವಳಲ್ಲ. ಅವಳಿಗೆ ಕೈಮುಗಿಯಬೇಕೆನಿಸಿತು, ಯಾರಿಗೆಂದು ಗೊತ್ತಾಗಲಿಲ್ಲ.

ಕೂಸಿನ ಕಿವಿ ಮುಟ್ಟಿ, ಎದುರಿಗೆ ನಿಂತು ನೋಡುತ್ತಿದ್ದ ಸೊಸೆಯತ್ತ ಜೋರಾಗಿ ತಲೆಯಾಡಿಸಿದಳು. ನೀಲಾ ನಂಬಲಿಲ್ಲ. ವಾಟಿ ಕಸಿದುಕೊಂಡು ತಾನೇ ಬಾರಿಸಿದಳು. ರೆಪ್ಪೆ ಬಡಿಯಿತು. ಅವಳು ವಾಟಿಯನ್ನು ನೋಡಿದಳು, ರೆಪ್ಪೆಯನ್ನು ನೋಡಿದಳು. ಸದ್ದು ಎಂಬುದು ಒಂದಿದೆ ಎಂದು ಜನ ತಿರುಗಿ ನೋಡುವುದರಿಂದ ತಿಳಿದವಳು, ಅದು ಹೀಗೆ ಬಂದು ಮುಟ್ಟುವುದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ವಾಟಿ ಕೆಳಗಿಟ್ಟಳು. ಉಸಿರು ತಾಕಬಾರದೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ಕೂಸಿನತ್ತ ಬಾಗಿದಳು. ಚಿಕ್ಕಂದಿನಲ್ಲಿ ತನ್ನ ಕೂಗಿಗೆ ಜನ ನಕ್ಕದ್ದು ಕಂಡ ಮೇಲೆ ಅವಳು ದನಿ ಎತ್ತಿದ್ದೇ ಇಲ್ಲ ಎಂದು ಹಿರೇವಡ್ಡಟ್ಟಿಯ ಬೀಗರು ಹೇಳಿದ್ದರು. ಈಗ ಸೆರಗಿನ ಹಿಂದಿನಿಂದ ಒಂದು ಒಡಕು ದನಿ ಹೊರಬಿತ್ತು.

ಕೂಸಿನ ರೆಪ್ಪೆ ಹಾರಿತು.

ನೀಲಾ ಮತ್ತೆ ಕೂಗಿದಳು, ಮತ್ತೆ ನೋಡಿದಳು. ಅವಳ ಕೆನ್ನೆ ತೊಯ್ದಿತ್ತು. ಹೊನ್ನೇಶ ಮತ್ತೆ ಬಡಿಯಲೆಂದು ಮಗ್ಗದ ಕಡೆ ಹೆಜ್ಜೆ ಇಟ್ಟ. ತಿಪ್ಪವ್ವ ಕೈಯೆತ್ತಿ ಅವನನ್ನು ತಡೆದಳು.