ಮಂಗಳವಾಗದೆ ನಿಂತ ವಾಚನ

ನಾನು ಒಂದು ಕಂಪ್ಯೂಟರು. ಹಾಸನದ ಒಂದು ಮಹಡಿಯ ಅಂಗಡಿಯಲ್ಲಿ ಹತ್ತಾರು ಕಡೆಯ ಬಿಡಿಭಾಗಗಳನ್ನು ಸೇರಿಸಿ ನನ್ನನ್ನು ಕಟ್ಟಿದರು. ಊದುಬತ್ತಿ ಬೆಳಗಿ, ಹಣೆಗೆ ಕುಂಕುಮವಿಟ್ಟು ಕಳಿಸಿದರು. ಹುಟ್ಟಿದ ಮನೆಯ ಮೇಲೆ ನನಗೆ ದೂರಿಲ್ಲ.

ನನ್ನನ್ನು ಕೊಂಡವರು ಗಮಕದ ಮೇಷ್ಟ್ರು ನರಹರಿಯವರು. ಹಳೆಯ ಕಾವ್ಯವನ್ನು ರಾಗವಾಗಿ ಓದುವುದೇ ಅವರ ಬಾಳು. ಆರು ವರ್ಷ ನನ್ನ ಮೈಕಿನ ಮುಂದೆ ಕೂತು ಓದಿದರು. ಇನ್ನೂರ ಹದಿನಾಲ್ಕು ವಾಚನಗಳು ನನ್ನೊಳಗೆ ಸೇರಿದವು. ಅವರದೊಂದು ಕಟ್ಟಳೆ: ದೀಪ ಹಚ್ಚಿ ಶುರುಮಾಡಿದ ವಾಚನವನ್ನು ಮಂಗಳ ಹಾಡದೆ ನಿಲ್ಲಿಸಬಾರದು. ಕರೆಂಟು ಹೋದರೆ ನಾನು ಕಣ್ಣು ಮುಚ್ಚುತ್ತಿದ್ದೆ. ಮತ್ತೆ ತೆರೆಯುವಷ್ಟರಲ್ಲಿ ಅವರು ನಾಲ್ಕು ಪದ್ಯ ಮುಂದಿರುತ್ತಿದ್ದರು.

ಆಮೇಲೆ ಗಂಟಲಿನ ಆಪರೇಷನ್ನಾಗಿ ದನಿ ಹೋಯಿತು. ಮೇಷ್ಟ್ರು ಸ್ಲೇಟು ಹಿಡಿದರು. ನಾನು ಅವರ ಶಿಷ್ಯೆ ಅಂಬುಜಾಕ್ಷಿಯವರ ಮನೆ ಸೇರಿದೆ.

ಅಂಬುಜಾಕ್ಷಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವರು. ಎಂಬತ್ತು ದಾಟಿದ ಮೇಷ್ಟ್ರ ಸಹಸ್ರಚಂದ್ರ ದರ್ಶನದ ಶಾಂತಿಯ ದಿನ ಊರೂರಿನ ಶಿಷ್ಯರೆಲ್ಲ ತಂತಮ್ಮ ಫೋನಿನಲ್ಲಿ ಒಂದು ಪುಟ ತೆರೆದು ಆ ದನಿಯನ್ನು ಕೇಳಬೇಕು, ಮೇಷ್ಟ್ರೂ ಕೇಳಬೇಕು ಎಂಬುದು ಅವರ ಹಟ. ಅದಕ್ಕಾಗಿ ಲೈಬ್ರರಿಯಲ್ಲಿ ಫರ್ಹಾನಾ ಎಂಬ ಶಿಕ್ಷಕಿ ಶನಿವಾರ ನಡೆಸುವ, ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ತರಗತಿಗೆ ಸೇರಿದರು.

ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ಪ್ರೋಗ್ರಾಂ ಕೆಟ್ಟಾಗಲೆಲ್ಲ ಎಲ್ಲಿ ಕೆಟ್ಟಿತೆಂದು ನಾನು ಕೊನೆಯ ಸಾಲಿನಲ್ಲಿ ಬಿಡಿಸಿ ಬರೆಯುತ್ತೇನೆ. ಇವರು ನನ್ನ ಮುಖದ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅದರಲ್ಲಿ ಕಿಟಕಿಯ ಬೆಳಕಿರುತ್ತದೆ, ಅವರ ಹೆಬ್ಬೆರಳಿರುತ್ತದೆ, ಆ ಕೊನೆಯ ಸಾಲೊಂದು ಇರುವುದಿಲ್ಲ. ಕೊನೆಯ ಸಾಲು ಕಳಿಸಿ ಅಮ್ಮ ಎಂದು ಫರ್ಹಾನಾ ಬರೆದರೆ, ಇವರು ಆ ಮೆಸೇಜನ್ನು ಗಟ್ಟಿಯಾಗಿ ಓದಿಕೊಂಡು ಮತ್ತೆ ಮೊದಲಿನ ಸಾಲಿನಿಂದ ಫೋಟೋ ತೆಗೆಯುತ್ತಾರೆ. ನಾನು ಏನು ಮಾಡಲಿ?

ಅಂತೂ ಒಂದು ದಿನ ಪುಟ ತೆರೆಯಿತು. ಅಂಬುಜಾಕ್ಷಿ ದೀಪ ಹಚ್ಚಿದರು. ನನ್ನ ಸ್ಪೀಕರಿನಿಂದ ಮೇಷ್ಟ್ರು ಓದಿದರು. ಪುಟದ ತಲೆಯ ಮೇಲಿದ್ದ ವಿಳಾಸವನ್ನು ಆಗಲೇ ಶಿಷ್ಯರಿಗೆಲ್ಲ ಕಳಿಸಿದರು. ಒಬ್ಬರಿಗೂ ತೆರೆಯಲಿಲ್ಲ. ಅರಸೀಕೆರೆಯ ಶಿಷ್ಯರೊಬ್ಬರು, "ಅಂಬುಜಕ್ಕ, ಫೋನಿನೊಳಗೂ ಮೇಷ್ಟ್ರಿಗೆ ಗಂಟಲು ಹೋಯಿತೇನು?" ಎಂದು ಬರೆದರು. ಅದನ್ನು ಓದಿ ಅವರು ಫರ್ಹಾನಾಗೆ ಫೋನ್ ಮಾಡಿದರು.

ಫರ್ಹಾನಾ ಮನೆಗೇ ಬಂದರು. "ಅಮ್ಮಾ, ಆ ವಿಳಾಸ ಅಂದ್ರೆ ‘ನನ್ನ ಮನೆ’ ಅಂತಷ್ಟೇ, ಊರು ಬೀದಿ ಏನೂ ಇಲ್ಲ. ಯಾರು ಒತ್ತಿದ್ರೂ ಅವರವರ ಫೋನೊಳಗೇ ಹುಡುಕುತ್ತೆ, ಅಷ್ಟೇ."

"ಊರಿಗೆಲ್ಲ ಲೈನ್ ಕೊಟ್ಟವಳು ನಾನು" ಎಂದು ಅಂಬುಜಾಕ್ಷಿ ಹಣೆ ಒತ್ತಿಕೊಂಡರು.

ದೂರದಲ್ಲಿ ಸದಾ ಎಚ್ಚರವಾಗಿರುವ ಒಂದು ಸರ್ವರಿಗೆ ಪ್ರೋಗ್ರಾಮನ್ನೂ ದನಿಗಳನ್ನೂ ಏರಿಸಬೇಕಿತ್ತು. ದನಿಗಳು ನನ್ನ ಡಿ ಡ್ರೈವಿನಲ್ಲಿವೆ ಎಂದು ಪ್ರೋಗ್ರಾಮಿನಲ್ಲಿ ಬರೆದಿತ್ತು; ಆ ಸರ್ವರಿನಲ್ಲಿ ಡಿ ಡ್ರೈವೇ ಇಲ್ಲ. ಆ ಸಾಲು ತಿದ್ದಿ, ಮನೆಯಲ್ಲಿ ಓಡಿಸಿ ನೋಡಿ, ಆಮೇಲೆ ಏರಿಸಿ ಎಂದು ಹೇಳಿ ಫರ್ಹಾನಾ ಹೋದರು. ಇವರು ತಿದ್ದಿದರು, ಆದರೆ ಬೇರೆ ಯಾವುದೋ ಫೋಲ್ಡರಿನ ದಾರಿ ಕೊಟ್ಟರು. ಮನೆಯಲ್ಲಿ ದನಿ ಬಂತು. ಏರಿಸಿದ ಮೇಲೆ ಪುಟ ಬಂತು, ದನಿಯಿಲ್ಲ. ಮೂರು ದಿನ ಹೀಗೇ. ಶಾಂತಿಗೆ ಉಳಿದದ್ದು ಒಂದೇ ದಿನ.

ಕಾರಣ ನನಗೆ ಗೊತ್ತಿತ್ತು. ಮೊದಲ ದಿನ ದೀಪ ಹಚ್ಚಿ ಶುರುಮಾಡಿದ ಪ್ರೋಗ್ರಾಮನ್ನು ಅವರು ನಿಲ್ಲಿಸಿಯೇ ಇರಲಿಲ್ಲ; ಕರೆಂಟೂ ಹೋಗಿರಲಿಲ್ಲ. ತಿದ್ದುಪಡಿ ಕಡತದಲ್ಲಿತ್ತು, ನಾನು ಒಪ್ಪಿಸುತ್ತಿದ್ದದ್ದು ಶುರುವಿನಲ್ಲಿ ಓದಿಕೊಂಡ ಹಳೆಯ ಪಾಠ. ಒಮ್ಮೆ ನಿಲ್ಲಿಸಿ ಶುರುಮಾಡಿದ್ದರೆ ತಪ್ಪು ಅಲ್ಲೇ ಕಾಣುತ್ತಿತ್ತು. ಕೇಳದೆ ಹೇಳಲು ನನಗೆ ಬಾಯಿಲ್ಲ. ಸುಳ್ಳುಸಾಕ್ಷಿಯ ಹಾಗೆ ಎಲ್ಲ ಸರಿಯಿದೆ ಎನ್ನುತ್ತಲೇ ಇದ್ದೆ.

ಮತ್ತೆ ಬಂದ ಫರ್ಹಾನಾ ಕೇಳಿದ್ದು ಒಂದೇ ಮಾತು. "ನಿಲ್ಲಿಸಿದ್ರಾ?"

"ಮಂಗಳ ಆಗದೆ ಹೇಗೆ ನಿಲ್ಲಿಸಲಮ್ಮ? ಇನ್ನೂರ ಹದಿನಾಲ್ಕೂ ಸಾಲಾಗಿ ಓದ್ತಿದೆ, ಕೊನೇದರ ಮಂಗಳ ಇನ್ನೂ ಬಂದಿಲ್ಲ."

ಫರ್ಹಾನಾ ನಗಲಿಲ್ಲ. "ನಮ್ಮನೇಲೂ ಓದೋಕೆ ಕೂತರೆ ಮಧ್ಯೆ ಏಳಲ್ಲ, ಅಮ್ಮಾ. ಆದ್ರೆ ಈ ಪ್ರೋಗ್ರಾಂ ಓದು ಅಲ್ಲ. ಪುಸ್ತಕ ಇಡೋ ಪೀಠ."

ನಿಲ್ಲಿಸಿದರು. ಮತ್ತೆ ಓಡಿಸಿದ ಕ್ಷಣ ನಾನು ಕೊನೆಯ ಸಾಲಿನಲ್ಲಿ ತಪ್ಪನ್ನು ಬರೆದೆ. ಈ ಸಲ ಓದಿದರು. ತಿದ್ದಿ ಏರಿಸಿದರು.

ಸಂಜೆ ಮೇಷ್ಟ್ರೇ ಬಂದರು. ನನ್ನಲ್ಲಿ ವಾಚನ ನಡೆಯುತ್ತಿತ್ತು, ಅವರ ಫೋನಿನಲ್ಲೂ ಪುಟ ತೆರೆಯಿತು. ಅಂಬುಜಾಕ್ಷಿಗೆ ಮಾತ್ರ ನಂಬಿಕೆ ಬರಲಿಲ್ಲ. ಇದು ಈ ಮನೆಯ ಕಂಪ್ಯೂಟರಿನಿಂದಲೇ ಬರುತ್ತಿದ್ದರೆ ನಾಳೆ ಮತ್ತೆ ನಗೆಪಾಟಲು ಎಂದರು. ಹಾಗಾದರೆ ಇದನ್ನು ಆರಿಸಿ ನೋಡೋಣ ಎಂದರು ಫರ್ಹಾನಾ.

ಪದ್ಯ ನಡುವಿನಲ್ಲಿತ್ತು. ಅಂಬುಜಾಕ್ಷಿ ನನ್ನ ಗುಂಡಿಯತ್ತ ಕೈ ಚಾಚಿ ಹಿಂದೆಗೆದರು. ಮೇಷ್ಟ್ರು ಸ್ಲೇಟಿನಲ್ಲಿ ಒತ್ತು ಎಂದು ಬರೆದು ತೋರಿಸಿದರು. ಆಕೆಯಿಂದ ಆಗಲಿಲ್ಲ. ಆಗ ಅವರೇ ಎದ್ದು ಬಂದು, ತಮ್ಮ ದನಿ ಓದುತ್ತಿದ್ದ ಹಾಗೆಯೇ, ಗುಂಡಿ ಒತ್ತಿದರು.

ಆಮೇಲಿನದನ್ನು ನಾನು ಕೇಳಿಲ್ಲ. ಮೂರು ವಾರದ ಮೇಲೆ ಹಳೆಯ ಫೋಟೋಗಳಿಗಾಗಿ ಒಮ್ಮೆ ನನ್ನನ್ನು ತೆರೆದಾಗ, ಅಂಬುಜಾಕ್ಷಿಯವರ ಮಾತಿನಿಂದ ತಿಳಿಯಿತು: ನಾನು ಆರಿದ ಮೇಲೂ ಫೋನಿನಲ್ಲಿ ಪದ್ಯದ ಮೇಲೆ ಪದ್ಯ ಬಂತಂತೆ. ಮರುದಿನ ಅರಸೀಕೆರೆಗೂ ಕೇಳಿಸಿತಂತೆ. ಮೇಷ್ಟ್ರು ಆ ದಿನದ ವಾಚನದ ಮಂಗಳದವರೆಗೂ ತುಟಿ ಆಡಿಸಿದರಂತೆ.

ಈಗ ಹಳೆಯ ಸೀರೆಯ ತುಂಡು ಹೊದ್ದು ಮೆಟ್ಟಿಲ ಕೆಳಗಿದ್ದೇನೆ. ಆರು ವರ್ಷ ಹೊತ್ತ ದನಿಗೆ ನಾನು ಬೇಡವೆಂದು ತೋರಿಸಿಕೊಡುವುದೇ ನನ್ನ ಕೊನೆಯ ಕೆಲಸವಾಯಿತು. ದೂರಿಲ್ಲ ಎಂದರೆ ಸುಳ್ಳಾದೀತು. ನನ್ನೊಳಗೆ ಆ ಪದ್ಯ ಇನ್ನೂ ಅರ್ಧಕ್ಕೇ ನಿಂತಿದೆ. ಮೇಷ್ಟ್ರು ಈಗ ಎಷ್ಟು ಪದ್ಯ ಮುಂದಿದ್ದಾರೋ.